ಒಂಬತ್ತನೇ ಸುತ್ತು

ದೊಮ್ಮಲೂರಿನ ಮೂರನೇ ಮಹಡಿಯಲ್ಲಿ
ರಾತ್ರಿ ಎರಡಕ್ಕೆ ನಮ್ಮ ಊಟದ ಹೊತ್ತು.
ಅಲ್ಲೆಲ್ಲೋ ಹಗಲಲ್ಲಿ ಬಿದ್ದವರ ಮೂಳೆ, ಮಂಡಿ, ಬೆನ್ನುಹುರಿ
ಕಡಲು ದಾಟಿ ಬಂದು ನಮ್ಮ ಪರದೆಯ ಮೇಲೆ
ಬೂದುಬಣ್ಣದಲ್ಲಿ ಬೆಳಗುತ್ತವೆ.
ಡಾಕ್ಟರು ಓದುತ್ತಾರೆ, ನಾನು ಜೋಡಿಸಿಕೊಡುತ್ತೇನೆ.
ಹನ್ನೊಂದು ವರ್ಷ. ಒಂದು ಮುಖವನ್ನೂ ನೋಡಿಲ್ಲ.

ಇವತ್ತು ಡಬ್ಬಿಗಳನ್ನು ಬದಿಗೆ ಸರಿಸಿ
ಹತ್ತು ಜನ ಸುತ್ತ ಕೂತೆವು. ಅಮೆರಿಕದ ಫುಟ್‌ಬಾಲು,
ಕಾಗದದ ಮೇಲೆ ನಮ್ಮ ನಮ್ಮ ತಂಡ.
ಗೆದ್ದವರಿಗೆ ಒಂದು ತಿಂಗಳು ಬೆಳಗಿನ ಇಡ್ಲಿ,
ಉಳಿದ ಒಂಬತ್ತು ಜನರ ದುಡ್ಡಲ್ಲಿ.
ಸರದಿಯ ಚೀಟಿ ಎತ್ತಿದವರು ಗೇಟಿನ ಚಿಕ್ಕರಂಗಯ್ಯ,
ಕಣ್ಣು ಮುಚ್ಚಿ, ದೇವರ ಮುಂದೆ ಹೂ ಎತ್ತುವ ಹಾಗೆ.

ಟೈಟ್ ಎಂಡ್ ಅನ್ನುವವನು ವಿಚಿತ್ರದವನು.
ಅರ್ಧ ಹೊತ್ತು ಗೋಡೆ, ಇನ್ನರ್ಧ ಹೊತ್ತು ಕೈ.
ಒಮ್ಮೆ ಎದುರಿನವನ ಎದೆಗೆ ಭುಜ ಕೊಟ್ಟು ನಿಲ್ಲಬೇಕು,
ಇನ್ನೊಮ್ಮೆ ಅದೇ ಭುಜ ಜಾರಿಸಿಕೊಂಡು ಓಡಿ
ಹೆಗಲ ಮೇಲಿಂದ ಬರುವ ಚೆಂಡು ಹಿಡಿಯಬೇಕು.
ಮದುವೆಮನೆಯಲ್ಲಿ ಚಪ್ಪರ ಕಟ್ಟಿ
ಆಮೇಲೆ ಬಡಿಸಲೂ ನಿಲ್ಲುವವನು.
ಫೋಟೋದಲ್ಲಿ ಮಾತ್ರ ಇರುವುದಿಲ್ಲ.

ಒಳ್ಳೆಯವರೆಲ್ಲ ಐದನೇ ಸುತ್ತಿಗೇ ಖಾಲಿ.
"ಸ್ಲೀಪರ್ ಹುಡುಕಿ ಮೇಡಂ," ಅಂದ ಪಾರ್ತಿಬನ್.
ಸ್ಲೀಪರ್ ಅಂದರೆ ನನಗೆ ಆನಂದರಾವ್ ಸರ್ಕಲ್ಲಿನ ಬಸ್ಸು,
ಮೇಲಿನ ಬರ್ತು, ಮುಖಕ್ಕೆ ಬಡಿಯುವ ಪರದೆ.
ಇಲ್ಲಿ ಅದು ಯಾರ ಪಟ್ಟಿಯಲ್ಲೂ ಇಲ್ಲದವನ ಹೆಸರು,
ಎದ್ದರೆ ಎದ್ದ, ಇಲ್ಲವಾದರೆ ಇಲ್ಲ.
ಬೂದಿ ಮುಚ್ಚಿದ ಕೆಂಡ ಅನ್ನೋಣವೆಂದರೆ
ಎಷ್ಟೋ ಸಲ ಬೂದಿಯ ಕೆಳಗೆ ಬೂದಿಯೇ ಇರುತ್ತದೆ.

ಒಂಬತ್ತನೇ ಸುತ್ತು. ನನ್ನ ಸರದಿ.
"ಮಾರ್ಲೋ ಪಿಟ್ಕಿನ್," ಅಂದೆ.

ಇಮ್ತಿಯಾಜ್ ಚಪಾತಿ ಕೆಳಗಿಟ್ಟು ನಕ್ಕ.
"ಎರಡು ಸಲ ಮಂಡಿ ಕೊಯ್ಸಿಕೊಂಡವನು!
ಹೋದ ವರ್ಷ ಹಿಡಿದದ್ದು ಒಂದೇ ಚೆಂಡು!"
ಡಾಕ್ಟರ್ ಯಮುನಾ ಕನ್ನಡಕದ ಮೇಲಿಂದ ನೋಡಿದರು:
"ನಮ್ಮಲ್ಲಿಗೇನಾದರೂ ಬಂದಿತ್ತೇನ್ರೀ ಆ ಮಂಡಿ?"
ಇಲ್ಲ. ಬಂದಿದ್ದರೆ ಈ ಹೆಸರೇ ಎತ್ತುತ್ತಿರಲಿಲ್ಲ.
ನಾನು ನೋಡಿದ್ದು ಹನ್ನೆರಡು ಸೆಕೆಂಡಿನ ವಿಡಿಯೋ:
ಅಭ್ಯಾಸ ಮುಗಿದ ಮೇಲೆ ನೀರಿನ ಬಾಟಲಿಗೆ ಬಗ್ಗಿದ,
ಆ ಕಾಲಿನ ಮೇಲೇ ಭಾರ ಹಾಕಿ ಬಗ್ಗಿದ,
ಅದು ಆ ಕಾಲು ಅನ್ನುವುದನ್ನೇ ಮರೆತವನ ಹಾಗೆ.

ಅಮ್ಮ ಶ್ರೀರಾಂಪುರದಲ್ಲಿ ಚೀಟಿ ನಡೆಸುತ್ತಿದ್ದಳು.
ಇಪ್ಪತ್ತು ಜನ, ತಿಂಗಳಿಗೆ ಇನ್ನೂರು.
ಎರಡನೇ ತಿಂಗಳೇ ಕೂಗಿದವಳು ಪುಟ್ಟಲಿಂಗಿ,
ಇಸ್ತ್ರಿ ಗಾಡಿಯೂ ಬಾಡಿಗೆಯದು.
ಜಾಮೀನು ಯಾರು ಅಂದಾಗ ಎಲ್ಲರೂ ಸೂರು ನೋಡಿದರು.
"ನಾನೇ," ಅಂದಳು ಅಮ್ಮ.
ಪುಟ್ಟಲಿಂಗಿ ಹದಿಮೂರು ಕಂತು ಕಟ್ಟಿದಳು. ಆಮೇಲೊಂದು ಬೆಳಿಗ್ಗೆ
ಗಾಡಿಯೂ ಇಲ್ಲ, ಅವಳೂ ಇಲ್ಲ.
ಉಳಿದ ಏಳನ್ನು ಅಮ್ಮ ಬಳೆ ಒತ್ತೆಯಿಟ್ಟು ಕಟ್ಟಿದಳು.
ಮೋಸ ಹೋದೆ ಅನಿಸಲಿಲ್ಲವಾ, ಕೇಳಿದ್ದೆ.
"ಅವಳ ಇಸ್ತ್ರಿ ನೋಡಿದ್ದೆಯಾ ನೀನು?
ಕಾಲರಿನ ಒಳಮಡಿಕೆಗೂ ಹಾಕುತ್ತಿದ್ದಳು," ಅಂದಳು.
ಅಷ್ಟೇ.

ಮೊದಲ ಭಾನುವಾರ ಸೊನ್ನೆ.
ಎರಡನೆಯದೂ ಸೊನ್ನೆ. ಮೂರನೆಯದರಲ್ಲಿ
ಒಂದು ಚೆಂಡು, ನಾಲ್ಕು ಗಜ.
"ನಿಮ್ಮವನು ಎದ್ದನಾ?" ಇಮ್ತಿಯಾಜ್ ದಿನಾ ಕೇಳುತ್ತಾನೆ.
ಕೈಬಿಡಲು ಒಂದು ಬೆರಳು ಸಾಕು.

ಬೆಳಗ್ಗೆ ಆರಕ್ಕೆ ಫ್ಲೈಓವರಿನ ಕೆಳಗೆ
ಬಸ್ಸಿಗೆ ಕಾಯುತ್ತ ಫೋನು ತೆರೆದೆ.
ಈ ಸಲ ಚೆಂಡು ಅವನತ್ತ ಬಂದೇ ಇಲ್ಲ.
ಆದರೆ ಬೇರೆಯವನ ಗೆಲುವಿನ ಓಟದ ಅಂಚಿನಲ್ಲಿ,
ಕ್ಯಾಮೆರಾ ಬಿಟ್ಟುಹೋಗುವ ಮೂಲೆಯಲ್ಲಿ,
ತನಗಿಂತ ದೊಡ್ಡವನೊಬ್ಬನನ್ನು ಎದೆಯಿಂದ ತಡೆದು
ನಿಂತಿದ್ದಾನೆ. ಮಂಡಿ ಚೂರು ಬಾಗಿದೆ, ನಡುಗಿಲ್ಲ.
ಅದಕ್ಕೆ ನಮ್ಮ ಲೆಕ್ಕದಲ್ಲಿ ಅಂಕವಿಲ್ಲ.

ಬಸ್ಸು ಬಂತು. ಸೀಟಿತ್ತು.
ಕೂತು, ಇನ್ನೊಮ್ಮೆ ನೋಡಿದೆ.